ಈ ಕಟ್ಟಿಗೆ ಎಲ್ಲಿಯದು?

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹೊರಸಿದೆ. ಅಜ್ಜನ ಕಾಲದ್ದು. ನಾಲ್ಕು ಕಾಲು ಜಾಲಿಯವು, ನಾಲ್ಕು ಪಟ್ಟಿಗಳೂ ಜಾಲಿಯವೇ, ನುಲಿ ಪುಂಡಿ ನಾರಿನದು. ಆ ಜಾಲಿ ಗಿಡ ಹೊಲದ ಬಾವಿಯ ಮಗ್ಗುಲಲ್ಲಿತ್ತು. ಒಂದು ಮುಂಗಾರಿನ ಗಾಳಿಗೆ ಬುಡಸಮೇತ ಬಿತ್ತು. ಬಿದ್ದ ಬೊಡ್ಡೆಯನ್ನು ಮಳೆಗಾಲವಿಡೀ ಹಳ್ಳದ ಮಡುವಿನಲ್ಲಿ ಮುಳುಗಿಸಿಟ್ಟು, ಆಮೇಲೆ ತೆಗೆದು ನೆರಳಲ್ಲಿ ಒಣಗಿಸಿ, ಮುಂದಿನ ಬೇಸಿಗೆಗೆ ಬಡಿಗ್ಯಾರ ಕಾಕಾ ಬಾಚಿ ಹಿಡಿದು ಕೂತರಂತೆ. ಇಷ್ಟೂ ಕಥೆ ನಮ್ಮ ಮನೆಯ ಹುಡುಗರಿಗೂ ಗೊತ್ತು. ನುಲಿ ಮೂರು ನಾಲ್ಕು ಸಲ ಬದಲಾಗಿದೆ. ಒಂದು ಕಾಲು ಸೀಳಿದಾಗ ಅದೊಂದನ್ನೇ ತೆಗೆದು ಬೇರೆ ಹಾಕಿದ್ದಾರೆ, ಬಣ್ಣ ನೋಡಿದರೆ ತಿಳಿಯುತ್ತದೆ. ಹೊರಸು ಇವತ್ತಿಗೂ ಮೂರು ಜನರ ಭಾರ ಹೊರುತ್ತದೆ.

ಅದರ ಪಕ್ಕದಲ್ಲಿ ಐದು ವರ್ಷದ ಹಿಂದೆ ನಾನು ಪೇಟೆಯಿಂದ ತಂದ ಪುಸ್ತಕದ ಅಲಮಾರಿ ನಿಂತಿತ್ತು. ಹೊಳೆಯುವ ಮೈ, ಮೇಲೆ ಸಾಗವಾನಿಯ ಗೆರೆಗಳು. ಎರಡನೆಯ ಮಳೆಗಾಲಕ್ಕೆ ಗೋಡೆ ಸ್ವಲ್ಪ ಒಸರಿತು. ಅಷ್ಟಕ್ಕೇ ಅಲಮಾರಿಯ ಬುಡ ನೀರಲ್ಲಿ ನೆನೆದ ಜೋಳದ ರೊಟ್ಟಿಯಂತೆ ಉಬ್ಬಿತು. ಅಂಚಿನ ಪಟ್ಟಿ ಬಿಟ್ಟುಕೊಂಡಿತು. ಬಾಗಿಲು ಜೋತಾಡತೊಡಗಿದಾಗ ಬಿಜಾಗರಿಯ ಸ್ಕ್ರೂ ಬಿಗಿ ಮಾಡೋಣವೆಂದು ಹೋದೆ. ಸ್ಕ್ರೂ ಕೈಗೇ ಬಂತು, ಅದರ ಹಿಂದೆ ಒಂದು ಚಿಟಿಕೆ ಪುಡಿ ಉದುರಿತು. ಸಾಗವಾನಿಯ ಗೆರೆ ಬರೀ ಕಾಗದದ ಮೇಲಿನ ಅಚ್ಚಾಗಿತ್ತು. ಒಳಗಿದ್ದದ್ದು ಮರದ ಹೊಟ್ಟು ಮತ್ತು ಅಂಟು. ಊರ ಬಡಿಗ್ಯಾರನ್ನು ಕರೆದು ತೋರಿಸಿದೆ. ಅವರು ಬೆರಳಿಂದ ಒತ್ತಿ ನೋಡಿ, "ಇದಕ್ಕ ಮೊಳಿ ಹಿಡಿಯಂಗಿಲ್ರಿ, ರಿಪೇರಿ ಆಗೂ ಮಾತಲ್ಲ" ಎಂದರು. ಅದನ್ನು ಒಲೆಗೆ ಹಾಕುವಂತೆಯೂ ಇರಲಿಲ್ಲ. ಸುಟ್ಟರೆ ಕಣ್ಣುರಿಯುವ ಹೊಗೆ.

ಅಂಗಡಿಗೆ ಹೋದೆ. ಜಗಳ ಮಾಡಲು ಹೋದವನಲ್ಲ. "ತಮ್ಮಾ, ಈ ಕಟ್ಟಿಗಿ ಎಲ್ಲೀದು?" ಎಂದಷ್ಟೇ ಕೇಳಿದೆ. ಆ ಹುಡುಗ ಒಳ್ಳೆಯವನು, ಸುಳ್ಳು ಹೇಳಲಿಲ್ಲ. "ಕಾಕಾ, ಹೈದರಾಬಾದಿಂದ ಲಾರಿ ಬರ್ತದ, ಇಳಸ್ಕೋತೀವಿ. ಅದರಾಚಿಂದು ನನಗ ಹ್ಯಾಂಗ ಗೊತ್ತಾಗಬೇಕ್ರಿ? ಗಿರಾಕಿ ಒಬ್ಬರೂ ಕೇಳಂಗಿಲ್ಲ."

ಗಿರಾಕಿ ಒಬ್ಬರೂ ಕೇಳುವುದಿಲ್ಲ. ಆ ಮಾತು ನನಗೇ ತಗುಲಿತು. ತರುವಾಗ ನಾನೂ ಕೇಳಿರಲಿಲ್ಲ. ಬಣ್ಣ ಕೇಳಿದ್ದೆ, ರೇಟು ಕೇಳಿದ್ದೆ, ಮನೆಗೆ ತಂದು ಮುಟ್ಟಿಸುತ್ತೀರಾ ಎಂದು ಕೇಳಿದ್ದೆ. ಒಂದು ಮೇವಿನ ಹೊರೆ ಕೊಳ್ಳುವಾಗಲೂ ಯಾರ ಹೊಲದ್ದು ಎಂದು ವಿಚಾರಿಸುವ ಜನ ನಾವು. ಮನೆಯೊಳಗೆ ವರ್ಷಗಟ್ಟಲೆ ಇರುವ, ಮಕ್ಕಳು ಉಸಿರಾಡುವ ಕೋಣೆಯಲ್ಲಿ ನಿಲ್ಲುವ ಸಾಮಾನಿನ ಹುಟ್ಟೂರು ಕೇಳುವುದನ್ನು ಬಿಟ್ಟುಬಿಟ್ಟಿದ್ದೇವೆ.

ಆದ್ದರಿಂದ ಈ ಮಾತನ್ನು ಹುಮನಾಬಾದ, ಬಸವಕಲ್ಯಾಣ, ಮಾಣಿಕನಗರದ ಸುತ್ತ ಸಣ್ಣ ಫರ್ನಿಚರ್ ಅಂಗಡಿ ಇಟ್ಟಿರುವ ಅಣ್ಣ ತಮ್ಮಂದಿರಿಗೆ ಹೇಳಬೇಕಾಗಿದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಡಿಸೈನ್ ಕಲಿತು ಬಂದು, ಇಬ್ಬರು ಮಿಸ್ತ್ರಿಗಳನ್ನು ಇಟ್ಟುಕೊಂಡು ಕಂಪನಿ ಶುರು ಮಾಡಿರುವ ಮಕ್ಕಳಿಗೂ ಹೇಳಬೇಕಾಗಿದೆ. ದೊಡ್ಡ ಕಾರ್ಖಾನೆಗಳಿಗೆ ಯಾಕೆ ಹೇಳುವುದಿಲ್ಲ ಎಂದರೆ, ಅಲ್ಲಿ ಮಾಲೀಕನ ಕೈ ಹಲಗೆಯನ್ನು ಮುಟ್ಟುವುದೇ ಇಲ್ಲ. ನಿಮ್ಮ ಕೈ ಮುಟ್ಟುತ್ತದೆ. ಕಟ್ಟಿಗೆ ಅಡ್ಡೆಗೆ ಹೋಗಿ ಹಲಗೆಯನ್ನು ಬೆರಳಿಂದ ತಟ್ಟಿ, ಅಂಚಿನ ಮೇಲೆ ಕಣ್ಣಿಟ್ಟು ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಿ, "ಇದು ಬ್ಯಾಡ, ಅದು ಕೊಡು" ಎನ್ನುವವರು ನೀವೇ. ಆ ಒಂದು ಗಳಿಗೆಯಲ್ಲಿ ಯಾವ ಕಾಡು ಉಳಿಯುತ್ತದೆ, ಯಾವ ರೈತನಿಗೆ ನಾಲ್ಕು ಕಾಸು ಸಿಗುತ್ತದೆ, ನಿಮ್ಮ ಕೈಕೆಳಗಿನ ಹುಡುಗ ಎಂಥ ಧೂಳು ಕುಡಿಯುತ್ತಾನೆ, ಎಲ್ಲವೂ ತೀರ್ಮಾನವಾಗುತ್ತದೆ.

ಈ ನೆಲದಲ್ಲಿ ಈ ಮಾತು ಹೊಸದಲ್ಲ. ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಒಂದು ಗಂಟೆಯೊಳಗೆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸೇರಿದ ಶರಣರ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಬಾಚಿಕಾಯಕದ ಬಸವಯ್ಯ ಬಡಿಗ. ಅವರ ಹೆಸರಿನ ಮುಂದೆ ಊರಿಲ್ಲ, ಮನೆತನವಿಲ್ಲ, ಕೈಯಲ್ಲಿದ್ದ ಬಾಚಿಯೇ ಇದೆ. ಅವರ ಮಡದಿ ಕಾಳವ್ವೆಯೂ ವಚನಕಾರ್ತಿ. ಮೇದಾರ ಕೇತಯ್ಯ ಬಿದಿರು ಸೀಳಿ ಬುಟ್ಟಿ ಹೆಣೆದವರು. ನುಲಿಯ ಚಂದಯ್ಯ ಹುಲ್ಲು ಕೊಯ್ದು ತಂದು ಹಗ್ಗ ಹೊಸೆದವರು. ನಮ್ಮ ಪಡಸಾಲೆಯ ಹೊರಸಿನ ನುಲಿ, ಚಂದಯ್ಯನವರ ಹೆಸರಿನ ನುಲಿ, ಎರಡೂ ಒಂದೇ ಮಾತು. ಮರ, ಬಿದಿರು, ಹುಲ್ಲು ಹಿಡಿದು ದುಡಿದವರು ಅನುಭವ ಮಂಟಪದಲ್ಲಿ ಅರಸನ ಭಂಡಾರಿಯಾಗಿದ್ದ ಬಸವಣ್ಣನವರ ಸಮಕ್ಕೆ ಕೂತಿದ್ದರು.

ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಇದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂತು. ಮಡದಿ ಲಕ್ಕಮ್ಮ ಅದನ್ನು ನೋಡಿದ ಕೂಡಲೇ ಇದು ನಮ್ಮ ಪಾಲಿನದಲ್ಲ, ಒಯ್ದು ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದರು. ಈ ಕಥೆಯನ್ನು ನಾವು ಭಾಷಣಗಳಲ್ಲಿ ದುರಾಸೆ ಬೇಡವೆಂಬ ಪಾಠವಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಬೇರೆಯೇ ಒಂದು ಕಾಣುತ್ತದೆ. ಲಕ್ಕಮ್ಮ ಮೊದಲು ನೋಡಿದ್ದು ಅಕ್ಕಿಯನ್ನು. ಎಷ್ಟು ಬಂತು, ಎಲ್ಲಿಂದ ಬಂತು ಎಂದು. ಅಡುಗೆಗೆ ಇಡುವ ಮೊದಲು ಕೇಳಿದರು. ಮಾಡುವ ಕೆಲಸ ಎಷ್ಟೇ ನಿಯತ್ತಿನದಾದರೂ ಕೈಗೆ ಬಂದ ಸಾಮಗ್ರಿ ಪರರ ಪಾಲಿನದಾದರೆ ಕಾಯಕ ಕೆಡುತ್ತದೆ ಎಂಬುದು ಆ ತಾಯಿಗೆ ಗೊತ್ತಿತ್ತು. ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಬಸವಣ್ಣನವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ ಕೆಲಸ ಶುರು ಮಾಡುವ ನಾವು, ಒಳಗೆ ಒಟ್ಟಿರುವ ಹಲಗೆಗಳ ಬಗ್ಗೆ ಲಕ್ಕಮ್ಮನ ಪ್ರಶ್ನೆ ಕೇಳಿಕೊಂಡಿದ್ದೇವೆಯೇ?

ಕೇಳಿಕೊಂಡರೆ ಉತ್ತರ ದೂರ ದೂರಕ್ಕೆ ಒಯ್ಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಬೀಟೆ ಒಂದು ಕಾಲಕ್ಕೆ ಶ್ರೀಮಂತರ ಮನೆಯ ಗುರುತಾಗಿತ್ತು. ಅದನ್ನೂ ಲೋಕದ ತುಂಬ ಅದರ ಬಳಗದ ಮರಗಳನ್ನೂ ಎಷ್ಟು ಕಡಿದರೆಂದರೆ ಕೊನೆಗೆ 2017ರ ಜನವರಿಯಲ್ಲಿ ಬೀಟೆ ಸೇರಿದ ಇಡೀ ಡಾಲ್ಬರ್ಜಿಯಾ ಕುಲವನ್ನೇ, ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ನಿಯಂತ್ರಣ ಪಟ್ಟಿಗೆ ಸೇರಿಸಬೇಕಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ದೇಶದ ಕಾಡುಗಳ ಮರಕ್ಕೂ ಗರಗಸದ ಗಿರಣಿಗಳಿಗೂ ಬಿಗಿ ಬಂತು. ಒಳ್ಳೆಯದೇ ಆಯಿತು. ಆದರೆ ನಮ್ಮ ಆಸೆಗೆ ಬಿಗಿ ಬರಲಿಲ್ಲ. ನಮ್ಮ ಕಾಡು ಮುಚ್ಚಿದರೆ ಪರದೇಶದ ಕಾಡು ಎಂದುಕೊಂಡೆವು. ಬರ್ಮಾ ಟೀಕ್ ಎಂದರೆ ಇವತ್ತಿಗೂ ಮದುವೆ ಮಾತುಕತೆಯಲ್ಲಿ ತೂಕದ ಮಾತು. ಆ ಮಯನ್ಮಾರ್ ತನ್ನ ಕಾಡು ಕರಗುವುದನ್ನು ಕಂಡು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಈಗ ಆಫ್ರಿಕದಿಂದ, ದಕ್ಷಿಣ ಅಮೆರಿಕದಿಂದ ತೇಗ ಹಡಗೇರಿ ಬರುತ್ತಿದೆ. ಅಲ್ಲಿಯೂ ಒಬ್ಬ ಲಕ್ಕಮ್ಮ ಇದ್ದಾಳು, ಆಕೆಯ ಅಂಗಳದ್ದು ಏನು ನಮ್ಮ ಮನೆಗೆ ಬಂತು ಎಂಬುದು ನಮಗೆ ತಿಳಿಯುವುದಿಲ್ಲ. ರಹದಾರಿ ಪಾಸು, ಬಿಲ್ಲು ಇಲ್ಲದೆ "ಸೋವಿಗೆ ಬಂದದ" ಎಂದು ರಾತ್ರಿ ಇಳಿಯುವ ಕಟ್ಟಿಗೆಯಂತೂ ಕದ್ದದ್ದೆಂದೇ ತಿಳಿಯಿರಿ. ಅದನ್ನು ಮುಟ್ಟಬೇಡಿ.

ಇನ್ನು ಹೊಟ್ಟು, ಅಂಟು ಒತ್ತಿ ಮಾಡಿದ ಹಲಗೆಯ ಮಾತು. ಎಂಟಡಿ ನಾಲ್ಕಡಿಯ ಹಾಳೆ ತಂದರೆ ಕೊಯ್ಯುವುದು ಸಲೀಸು, ಒಂದೇ ದಿನಕ್ಕೆ ಅಲಮಾರಿ ಎದ್ದು ನಿಲ್ಲುತ್ತದೆ, ಗಿರಾಕಿಗೆ ಕಂತಿನಲ್ಲಿ ಕೊಡಬಹುದು. ನನಗೆ ಗೊತ್ತು. ಅದರೊಳಗಿನ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ವರ್ಷಗಟ್ಟಲೆ ಅನಿಲ ಸೋರುತ್ತದೆ ಎಂಬುದನ್ನೂ ನೀವು ತಿಳಿಯಬೇಕು. ಹೊಸ ಅಲಮಾರಿಯ ಬಾಗಿಲು ತೆಗೆದಾಗ ಕಣ್ಣು ಚುರುಗುಟ್ಟುವ ಆ ವಾಸನೆಯನ್ನು ಹೊಸದರ ವಾಸನೆ ಎಂದು ಖುಷಿಪಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮರದ ಧೂಳನ್ನು ಅದಕ್ಕೂ ಮೊದಲೇ, 1995ರಲ್ಲಿ ಸೇರಿಸಿತ್ತು. ಅಂದರೆ ಬೇವನ್ನೇ ಕೊಯ್ದರೂ ಮಾಸ್ಕ್ ಬೇಕು, ಎಂಡಿಎಫ್‌ನಂಥ ಒತ್ತಿದ ಹಲಗೆ ಕೊಯ್ದರಂತೂ ಬೇಕೇ ಬೇಕು. ನಾನು ನೋಡಿದ ಅಂಗಡಿಗಳಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು ಮೂಗಿಗೆ ಕರವಸ್ತ್ರವನ್ನೂ ಕಟ್ಟದೆ ಯಂತ್ರದ ಮುಂದೆ ನಿಂತಿರುತ್ತಾರೆ, ಸಂಜೆಗೆ ಅವರ ರೆಪ್ಪೆಗಳು ಬಿಳಿಯಾಗಿರುತ್ತವೆ. ಅವರು ನಿಮ್ಮ ಮನೆಯ ಮಕ್ಕಳೇ. ಹಲಗೆ ಬಳಸಲೇಬೇಕಾದ ಕಡೆ ಅನಿಲ ಕಡಿಮೆ ಬಿಡುವ ಇ-1, ಇ-0 ಗುರುತಿನದನ್ನು, ಐಎಸ್ಐ ಮುದ್ರೆಯದನ್ನು ಹಟ ಹಿಡಿದು ಕೇಳಿ ತನ್ನಿ. ನೆಲಕ್ಕೆ ತಾಗುವ ಭಾಗಕ್ಕೂ ಭಾರ ಹೊರುವ ಭಾಗಕ್ಕೂ ನಿಜವಾದ ಮರ ಹಾಕಿ. ಅಷ್ಟು ಮಾಡಿದ್ದರೆ ನನ್ನ ಅಲಮಾರಿ ಉಳಿಯುತ್ತಿತ್ತು.

ಹಾಗಾದರೆ ಮರ ಎಲ್ಲಿಂದ ತರಬೇಕು? ಇಲ್ಲಿಯೇ ಇದೆ. ಮೊದಲು ಈಗಾಗಲೇ ಕಡಿದಾಗಿರುವ ಮರವನ್ನು ನೋಡಿ.

ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಯೋಚಿಸಿ. ಮನೆಯ ದೊಡ್ಡಸ್ತಿಕೆಯನ್ನು ಕಂಬಗಳ ನಡುವಿನ ಖಣಗಳಲ್ಲಿ ಎಣಿಸುತ್ತಿದ್ದ ಕಾಲ. ಕಲ್ಲಿನ ಬೈಠಕದ ಮೇಲೆ ಸಾಗವಾನಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮೊಳಗಟ್ಟಲೆ ಮಣ್ಣು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸಾವಿರಾರು ಜನ ಮಲಗಿದಲ್ಲೇ ಕಲ್ಲು ಮಣ್ಣಿನಡಿ ಸತ್ತರು. ಆ ಭಯದಲ್ಲಿ ನಮ್ಮ ಕಡೆಯೂ ಜನ ಮಾಳಿಗೆ ಮನೆಗಳಿಂದ ಹೊರಗೆ ಬಂದರು, ಸಿಮೆಂಟಿನ ಸ್ಲ್ಯಾಬಿಗೆ ಹೋದರು. ಅದನ್ನು ತಪ್ಪೆನ್ನಲಾರೆ. ಆದರೆ ಕಿಲ್ಲಾರಿಯಲ್ಲಿ ಕಂಡ ಒಂದು ಸಂಗತಿಯನ್ನು ಬಡಿಗರು ಮರೆಯಬಾರದು. ಎಷ್ಟೋ ಮನೆಗಳಲ್ಲಿ ಕಲ್ಲಿನ ಗೋಡೆ ಕಳಚಿ ಬಿದ್ದಾಗಲೂ ಮರದ ಚೌಕಟ್ಟು ನಿಂತೇ ಇತ್ತು. ಕಸೆ ಹೊಡೆದು ಕೂಡಿಸಿದ ಮರ ಅದು.

ಮೂವತ್ತು ವರ್ಷದಿಂದ ಆ ಮನೆಗಳು ಒಂದೊಂದಾಗಿ ಕುಸಿಯುತ್ತಿವೆ, ಇಲ್ಲವೇ ಕೆಡವಲಾಗುತ್ತಿದೆ. ತೊಲೆಗಳು ಎಲ್ಲಿ ಹೋಗುತ್ತವೆ? ಒಂದಷ್ಟು ದೊಡ್ಡ ಊರಿನ ವ್ಯಾಪಾರಿಗಳ ಲಾರಿ ಹತ್ತುತ್ತವೆ, ಅಲ್ಲಿ ಹಳೆಯ ಬಾಗಿಲು ಕಂಬಗಳಿಗೆ ಹೋಟೆಲಿನವರು ಮೈಮೇಲೆ ಬಿದ್ದು ದುಡ್ಡು ಕೊಡುತ್ತಾರೆ. ಉಳಿದವು ಒಲೆಗೆ ಹೋಗುತ್ತವೆ. ನಾನು ಒಮ್ಮೆ ಕೆಡವಿದ ಮನೆಯ ತೊಲೆಯೊಂದನ್ನು ಬಡಿಗ್ಯಾರ ಮುಂದೆ ಇಟ್ಟೆ. ಮೇಲೆಲ್ಲ ಹೊಗೆಯ ಕರಿ, ಗೆದ್ದಲು ಹತ್ತಿ ಬಿಟ್ಟುಹೋದ ಮಣ್ಣಿನ ಗೀರುಗಳು. ಅವರು ಮೊದಲು ಒಂದು ಆಯಸ್ಕಾಂತವನ್ನು ಉದ್ದಕ್ಕೂ ಆಡಿಸಿದರು. ಒಳಗಿನ ಹಳೆಯ ಮೊಳೆ ತಗುಲಿದರೆ ಗರಗಸದ ಹಲ್ಲು ಹೋಗುತ್ತದೆ. ಏಳು ಮೊಳೆ ಸಿಕ್ಕವು, ಕಮ್ಮಾರರ ಕೈಯಲ್ಲಿ ಬಡಿದು ಮಾಡಿದ ಚೌಕ ತಲೆಯವು. ಆಮೇಲೆ ರಂದಾ ಎಳೆದರು. ಒಂದೇ ಎಳೆತಕ್ಕೆ ಕರಿ ಸುರುಳಿ ಸುತ್ತಿ ಬಿತ್ತು, ಅದರಡಿ ಹಳೇ ಬೆಲ್ಲದ ಬಣ್ಣ ಹೊಳೆಯಿತು. ಸಾಗವಾನಿಯ ಎಣ್ಣೆಯ ವಾಸನೆ ಆ ಶೆಡ್ಡಿನ ತುಂಬ ಹರಡಿತು. ನೂರು ವರ್ಷ ಸೂರಿನಡಿ ಒಣಗಿದ ಮರ, ಇನ್ನು ಅದು ಸುಲಭಕ್ಕೆ ಡೊಂಕಾಗುವುದಿಲ್ಲ. ಇಂಥ ಕಟ್ಟಿಗೆಯನ್ನು ಒಲೆಗೆ ಬಿಟ್ಟು, ಹಡಗಿನಲ್ಲಿ ಬಂದ ಎಳೆಯ ತೇಗಕ್ಕೆ ಸಾಲ ಮಾಡುವುದು ಯಾವ ವ್ಯಾಪಾರ?

ರಸ್ತೆಯ ಮರಗಳೂ ಹಾಗೆಯೇ. ಪುಣೆ ಹೈದರಾಬಾದ ಹೆದ್ದಾರಿ ನಾಲ್ಕು ಪಥವಾಯಿತು. ದಾರಿಯುದ್ದಕ್ಕೂ ನೆರಳಾಗಿದ್ದ ಬೇವು, ಹುಣಸೆ ಉರುಳಿದವು. ಆ ಬೊಡ್ಡೆಗಳೆಲ್ಲ ಏನಾದವು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಮುಂದೆಯೂ ರಸ್ತೆ ಅಗಲವಾಗುತ್ತದೆ, ಗಾಳಿಗೆ ಮರ ಬೀಳುತ್ತದೆ. ಅಂಥ ಮರದ ಹರಾಜಿಗೆ ಸಣ್ಣ ಅಂಗಡಿಯವರು ನಾಲ್ಕು ಜನ ಕೂಡಿ ಹೋಗಬೇಕು. ಒಬ್ಬರಿಗೆ ಅದು ದೊಡ್ಡ ತುತ್ತು, ನಾಲ್ವರಿಗೆ ಅಲ್ಲ.

ಇನ್ನು ಹೊಲದ ಬದುವಿನ ಗಿಡಗಳು. ಬೇವಿನ ಕಟ್ಟಿಗೆಯನ್ನು ಹುಳ ಸುಲಭಕ್ಕೆ ಮುಟ್ಟುವುದಿಲ್ಲ, ಕಾಳಿನ ಪೆಟ್ಟಿಗೆ ಮಾಡಲು ಹಿರಿಯರು ಅದನ್ನು ಆರಿಸಿದ್ದು ಸುಮ್ಮನೆ ಅಲ್ಲ. ಜಾಲಿಯ ಗಟ್ಟಿತನಕ್ಕೆ ಬಂಡಿಯ ಗಾಲಿ, ಕುಂಟೆ ಕೂರಿಗೆಗಳೇ ಸಾಕ್ಷಿ. ಬಾಗೆ ಮರದ ಚೇಗು ಪಾಲಿಷಿಗೆ ಕೊಡುವ ಬಣ್ಣ ನೋಡಿದವರು ವಾಲ್‌ನಟ್ ಎಂದೇ ತಿಳಿಯುತ್ತಾರೆ. ಆದರೆ ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಲ್ಯಾಣ ಕರ್ನಾಟಕ ಮೊದಲೇ ಗಿಡ ಕಡಿಮೆ ಇರುವ ಸೀಮೆ. ಏಪ್ರಿಲ್ ಬಿಸಿಲಿನಲ್ಲಿ ಕುರಿ, ಮನುಷ್ಯ, ಎತ್ತು ಮೂವರೂ ಒಂದೇ ಬೇವಿನ ನೆರಳಿಗೆ ಓಡುವ ಊರುಗಳು ನಮ್ಮವು. ಸ್ಥಳೀಯ ಮರ ಎಂಬ ಹೆಸರಿನಲ್ಲಿ ನಿಂತ ಬೇವಿಗೆ ಕೊಡಲಿ ಹಾಕಿದರೆ ನಾನು ಬರೆದದ್ದೆಲ್ಲ ಪಾಪವಾಗುತ್ತದೆ. ಬಿದ್ದದ್ದನ್ನು, ಒಣಗಿದ್ದನ್ನು, ರೈತರು ಕಡಿಯಲೆಂದೇ ಬೆಳೆಸಿದ್ದನ್ನು ಕೊಳ್ಳಿ. ಒಂದು ಕೊಂಡರೆ ಅದೇ ಬದುವಿನಲ್ಲಿ ಮೂರು ಹಚ್ಚುವ ಕರಾರು ರೈತರೊಂದಿಗೆ ಮಾಡಿಕೊಳ್ಳಿ, ಸಸಿಯ ದುಡ್ಡು ನೀವು ಕೊಡಿ. ಐದಾರು ವರ್ಷಕ್ಕೆ ಪ್ಲೈವುಡ್ಡಿಗೆ ಬರುವ ಹೆಬ್ಬೇವನ್ನು ಹಚ್ಚಿದ ರೈತರಿಗೆ ಕೊಳ್ಳುವವರು ಹತ್ತಿರದಲ್ಲೇ ಇದ್ದಾರೆಂಬ ಧೈರ್ಯ ಬೇಕು. ಆ ಧೈರ್ಯ ನೀವಾಗಿ. ಬಿದಿರಿನ ಅಡ್ಡಿಯೂ ಹೋಗಿದೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂದು ಎಣಿಸುವುದನ್ನು 2017ರಲ್ಲಿ ಕಾನೂನು ಕೈಬಿಟ್ಟಿತು. ಕೇತಯ್ಯನವರ ಕಾಯಕಕ್ಕೆ ಇದ್ದ ತೊಡಕು ತೀರಿ ಇಷ್ಟು ವರ್ಷವಾದರೂ ನಮ್ಮ ಅಂಗಡಿಗಳಲ್ಲಿ ಒಂದು ಬಿದಿರ ಕುರ್ಚಿ ಕಾಣುವುದಿಲ್ಲ.

ಕಡಿದಷ್ಟೂ ಪುಣ್ಯ ಬರುವ ಗಿಡವೊಂದಿದೆ, ಬಳ್ಳಾರಿ ಜಾಲಿ. ಕೆರೆಯಂಗಳ, ಗಾಯರಾಣ ಎಲ್ಲವನ್ನೂ ನುಂಗಿದ ಮುಳ್ಳು. ನಾವು ಅದನ್ನು ಇದ್ದಿಲು ಮಾಡಿ ಮುಗಿಸುತ್ತೇವೆ. ಅಮೆರಿಕದ ಟೆಕ್ಸಾಸಿನಲ್ಲಿ ಇದರದೇ ಬಳಗದ ಮೆಸ್ಕೀಟ್ ಮರವನ್ನು ಮೇಜಿಗೂ ನೆಲಹಾಸಿಗೂ ಹುಡುಕಿ ಕೊಳ್ಳುತ್ತಾರೆ, ಯಾಕೆಂದರೆ ಅದು ಹವೆ ಬದಲಾದರೂ ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ. ನಮ್ಮಲ್ಲಿ ಬೊಡ್ಡೆ ಸಣ್ಣ, ಸೊಟ್ಟ. ಆದರೆ ಸ್ಟೂಲಿನ ಕಾಲಿಗೆ, ಕುರ್ಚಿಯ ತೋಳಿಗೆ, ಡ್ರಾಯರಿನ ಹಿಡಿಗೆ ಎಷ್ಟುದ್ದ ಬೇಕು? ಸೊಟ್ಟ ಕಟ್ಟಿಗೆಯಿಂದ ನೆಟ್ಟಗಿನ ಸಾಮಾನು ಮಾಡುವುದೇ ಡಿಸೈನ್ ಕಲಿತ ಮಕ್ಕಳ ಕೆಲಸ. ಇದು ಆಗದ ಮಾತಲ್ಲ ಎಂಬುದನ್ನು ನಮ್ಮದೇ ನಾಡಿನ ಸೋಲಿಗರು ತೋರಿಸಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ಲಂಟಾನ ಮುತ್ತಿದಾಗ, ಬೆಂಗಳೂರಿನ ಏಟ್ರೀ ಸಂಸ್ಥೆಯ ಜೊತೆ ಸೇರಿ ಆ ಕಳೆಗಿಡದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಬದಲಿಗೆ ಬಗ್ಗಿಸಿ ಕುರ್ಚಿ, ಸೋಫಾ ಮಾಡಲು ಕಲಿತರು. ಕಾಡಿಗೆ ಶಾಪವಾಗಿದ್ದದ್ದು ಅವರ ಮನೆಗೆ ಕೂಲಿ ತಂದಿತು.

ಚನ್ನಪಟ್ಟಣದ ಕಡೆಯೂ ನೋಡಿ. ಬೀಟೆ, ತೇಗ ಎಂದು ಹಟ ಹಿಡಿಯದೆ, ಮೆದು ಬಿಳಿಯ ಹಾಲೆ ಮರವನ್ನು ಹಿಡಿದು, ಅರಗಿನ ಬಣ್ಣ ಕೊಟ್ಟು, ಗೊಂಬೆಗಳಿಗೆ ಲೋಕಪ್ರಸಿದ್ಧವಾದ ಊರು ಅದು. ಅರಗಿಗೆ ಗಿಡಮೂಲದ ಬಣ್ಣ ಬೆರೆಸಿದರೆ ಮಗು ಬಾಯಲ್ಲಿಟ್ಟರೂ ಅಂಜಬೇಕಿಲ್ಲ. ನಮ್ಮಲ್ಲಿ ಅಗಸಿ ಬೆಳೆಯುತ್ತೇವೆ, ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಅದೇ ಅಗಸಿಯ ಎಣ್ಣೆಯನ್ನು ತೆಳ್ಳಗೆ ಉಜ್ಜಿ, ಎರಡು ಮೂರು ದಿನ ಒಣಗಲು ಬಿಟ್ಟು, ಮತ್ತೆ ಉಜ್ಜಿದರೆ ಬೇವಿನ ಹಲಗೆ ಒಳಗಿನಿಂದ ಬೆಳಗುತ್ತದೆ. ಗಾಳಿಗೆ ವಿಷ ಬಿಡುವ ಸ್ಪ್ರೇ ಬೇಕಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಹರವಿ.

ನಿಮ್ಮ ಕಷ್ಟ ನನಗೆ ಕಾಣುವುದಿಲ್ಲ ಎಂದುಕೊಳ್ಳಬೇಡಿ. "ಕಾಕಾ, ಕಟ್ಟಿಗಿ ಒಣಗಾಕ ವರ್ಷ ಬೇಕು, ಬಾಡಿಗಿ ತಿಂಗಳ ತಿಂಗಳ ಕಟ್ಟಬೇಕು" ಎಂದು ಆ ಅಂಗಡಿಯ ಹುಡುಗ ಹೇಳಿದ್ದು ನಿಜ. ಹಸಿ ಮರದಲ್ಲಿ ಮಾಡಿದ ಸಾಮಾನು ನಮ್ಮ ಬೇಸಿಗೆಗೆ ಸೀಳದೆ ಇರದು. ಒಂಟಿಯಾಗಿ ಇದನ್ನು ಗೆಲ್ಲಲಾಗುವುದಿಲ್ಲ. ಹತ್ತು ಅಂಗಡಿಯವರು ಕೂಡಿ ಒಂದು ಶೆಡ್ಡು ಹಾಕಿ. ಹಲಗೆಗಳ ನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಒಟ್ಟಿ. ನಮ್ಮ ಸೀಮೆಗೆ ದೇವರು ಕೊಟ್ಟ ಬಿಸಿಲಿದೆ. ಪಾರದರ್ಶಕ ಹಾಳೆ ಹೊದಿಸಿ, ಒಂದೆರಡು ಫ್ಯಾನು ಇಟ್ಟರೆ ಸೂರ್ಯನೇ ಒಣಗಿಸುವ ಕೋಣೆಯಾಗುತ್ತದೆ, ತಿಂಗಳುಗಟ್ಟಲೆ ಕಾಯುವುದು ವಾರಗಳಿಗೆ ಇಳಿಯುತ್ತದೆ. ಹುಳಕ್ಕೆ ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ಅದ್ದಿ ತೆಗೆಯುವ ಉಪಾಯವಿದೆ. ಯಾವ ಮರಕ್ಕೆ ಎಷ್ಟು, ಹೇಗೆ ಎಂದು ಕೇಳಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ನಮ್ಮ ತೆರಿಗೆಯಲ್ಲಿ ನಡೆಯುವ ಸಂಸ್ಥೆ ಅದು. ನಮ್ಮ ಬೀದರ ಜಿಲ್ಲೆಯಿಂದ ಒಂದು ಪತ್ರ ಹೋಗಲಿ. ಹಲಗೆ ಬಳಸಲೇಬೇಕಾದ ಕಡೆಗೂ ಒಂದು ದಾರಿಯಿದೆ, ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಸಿಪ್ಪೆಗೆ, ತೊಗರಿ ಕಟ್ಟಿಗೆಗೆ ಬರವಿಲ್ಲ. ಅವುಗಳಿಂದ ಹಲಗೆ ಒತ್ತುವ ಒಂದು ಘಟಕ ಹುಮನಾಬಾದ ಕೈಗಾರಿಕಾ ಪ್ರದೇಶಕ್ಕೆ ಬೇಕು ಎಂದು ಜನಪ್ರತಿನಿಧಿಗಳ ಬೆನ್ನು ಹತ್ತುವವರು ನೀವಾಗಬೇಕು.

ಗಿರಾಕಿಗಳಿಗೂ ಒಂದು ಮಾತು. ಬೆಲೆ ಸ್ವಲ್ಪ ಹೆಚ್ಚಾದೀತು. ಆದರೆ ನಾನು ಐದು ವರ್ಷಕ್ಕೊಮ್ಮೆ ಅಲಮಾರಿ ಕೊಳ್ಳುವುದಾದರೆ ಅಜ್ಜನ ಹೊರಸಿನ ಆಯುಷ್ಯದಲ್ಲಿ ಎಷ್ಟು ಅಲಮಾರಿ ಕೊಳ್ಳಬೇಕು, ಲೆಕ್ಕ ಹಾಕಿ. ಮಗಳ ಮದುವೆಗೆ ಪಲಂಗ, ಸೋಫಾ, ಡ್ರೆಸ್ಸಿಂಗ್ ಟೇಬಲ್ ಎಂದು ಹಂದರದಲ್ಲಿ ನಾಲ್ಕು ಜನ ನೋಡಲೆಂದು ಸಾಲಾಗಿ ಇಡುತ್ತೇವಲ್ಲ, ಅದರ ಬದಲು ಮೊಮ್ಮಕ್ಕಳವರೆಗೆ ಬಾಳುವ ಒಂದೇ ಒಂದು ಗಟ್ಟಿ ಸಾಮಾನು ಕೊಡಿ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 770 ಶರಣರ ನೆನಪಿಗೆ 770 ಕಂಬಗಳ ಯೋಜನೆ. ಆ ಮಂಟಪದಲ್ಲಿ ಜನ ಕೂರುವ ಮಣೆ, ಬೆಂಚು, ವಚನದ ಪುಸ್ತಕ ಇಡುವ ಮೇಜು ಎಲ್ಲಿ ತಯಾರಾಗಬೇಕು? ದೂರದ ಕಾರ್ಖಾನೆಯ ಹೊಳೆಯುವ ಹಲಗೆ ಅಲ್ಲಿಗೆ ಬಂದರೆ ಬಾಚಿಕಾಯಕದ ಬಸವಯ್ಯನವರ ಊರಿಗೆ ಅವಮಾನ. ಹೊಣೆ ಹೊತ್ತವರಲ್ಲಿ ಕೈಮುಗಿದು ಕೇಳುತ್ತೇನೆ, ಆ ಕೆಲಸವನ್ನು ಹುಮನಾಬಾದ, ಬಸವಕಲ್ಯಾಣ ಎರಡೂ ತಾಲ್ಲೂಕಿನ ಬಡಿಗರಿಗೆ ಕೊಡಿ. ಹಳೆಯ ವಾಡೆಗಳ ತೊಲೆಯಲ್ಲಿ, ಬಿದ್ದ ಬೇವಿನಲ್ಲಿ, ಜಾಲಿಯಲ್ಲಿ ಮಾಡಿಸಿ. ನಮ್ಮಲ್ಲಿ ವಿಶ್ವಕರ್ಮರೂ ಮುಸಲ್ಮಾನ ಮಿಸ್ತ್ರಿಗಳೂ ಒಂದೇ ಅಡ್ಡೆಯಲ್ಲಿ ಕಟ್ಟಿಗೆ ಕೊಳ್ಳುತ್ತಾರೆ, ಒಬ್ಬರ ಉಳಿ ಇನ್ನೊಬ್ಬರು ಎರವಲು ಪಡೆಯುತ್ತಾರೆ. ಸಕಲಮತವನ್ನು ಸಾರಿದ ಮಾಣಿಕಪ್ರಭುಗಳ ನೆರಳಿನಲ್ಲಿ ಅದು ಬೇರೆ ರೀತಿ ಇರಲು ಸಾಧ್ಯವೂ ಇಲ್ಲ.

ಮಾಣಿಕನಗರದ ದತ್ತ ಜಯಂತಿಗೆ ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರ ಮೂರೂ ಕಡೆಯ ಜನ ಬರುತ್ತಾರೆ. ಅಣ್ಣಗಳಿರಾ, ತಮ್ಮಗಳಿರಾ, ಬರುವ ಜಯಂತಿಯ ಹೊತ್ತಿಗೆ ಒಬ್ಬೊಬ್ಬರು ಒಂದೊಂದೇ ಸಾಮಾನು ಮಾಡಿ ತನ್ನಿ. ಒಂದು ಸ್ಟೂಲಾದರೂ ಸಾಕು. ಬೇರೆ ಜಾಹೀರಾತು ಬೇಡ. ಅದನ್ನು ಮಗುಚಿ, ತಳದಲ್ಲಿ ಉಳಿಯಿಂದ ಇಷ್ಟು ಕೊರೆಯಿರಿ: ಯಾವ ಗಿಡ, ಯಾವ ಊರಿನದು, ಯಾವ ಇಸವಿಯಲ್ಲಿ ಬಿತ್ತು, ಯಾರ ಕೈ ಮಾಡಿತು.